ರಕ್ತದೊತ್ತಡದ ಮಾತ್ರೆಯೂ ಅದರ ಜೊತೆಗಾರರೂ

ರಕ್ತದೊತ್ತಡಕ್ಕೂ ಹೃದಯದ ಕಾಯಿಲೆಗೂ ಇಂದು ವೈದ್ಯರು ಬರೆದುಕೊಡುವ ಮಾತ್ರೆಗಳಲ್ಲಿ ಬಹುಪಾಲು ದಶಕಗಳಿಂದ ಬಳಕೆಯಲ್ಲಿದ್ದು, ಅವುಗಳ ಗುಣವೂ ದೋಷವೂ ಚೆನ್ನಾಗಿ ತಿಳಿದಿರುವಂಥವು. ತೊಂದರೆ ಅನೇಕ ವೇಳೆ ಹುಟ್ಟುವುದು ಆ ಮಾತ್ರೆಯ ಜೊತೆಗೆ, ವೈದ್ಯರಿಗೆ ಗೊತ್ತಿಲ್ಲದಂತೆ, ಹೊಟ್ಟೆ ಸೇರುವ ಇತರ ಪದಾರ್ಥಗಳಿಂದ: ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡ ನೋವಿನ ಗುಳಿಗೆ, ಕೆಮ್ಮಿಗೆಂದು ಕುದಿಸಿದ ಕಷಾಯ, ಆರೋಗ್ಯಕ್ಕೆ ಒಳ್ಳೆಯದೆಂದು ಮನೆಗೆ ಬಂದ ಹೊಸ ಬಗೆಯ ಉಪ್ಪು. ರೋಗಿಯ ಕಣ್ಣಿಗೆ ಇವು ಔಷಧಗಳಾಗಿ ತೋರುವುದಿಲ್ಲವಾದ್ದರಿಂದ, ಬೇರೇನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ವೈದ್ಯರು ಕೇಳಿದಾಗ ‘ಏನೂ ಇಲ್ಲ’ ಎಂಬ ಉತ್ತರ ಪ್ರಾಮಾಣಿಕವಾಗಿಯೇ ಬರುತ್ತದೆ.

ಇವುಗಳಲ್ಲಿ ಮೊದಲ ಸ್ಥಾನ ನೋವಿನ ಮಾತ್ರೆಗೆ ಸಲ್ಲಬೇಕು. ಮಂಡಿನೋವು, ಸೊಂಟನೋವುಗಳಿಗೆ ಜನ ಸಲೀಸಾಗಿ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಮುಂತಾದವು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ದೇಹದಲ್ಲಿ ತಯಾರಾಗದಂತೆ ತಡೆದು ನೋವನ್ನು ಇಳಿಸುತ್ತವೆ. ಆದರೆ ಮೂತ್ರಪಿಂಡಕ್ಕೆ ರಕ್ತ ತರುವ ಸೂಕ್ಷ್ಮನಾಳಗಳು ಸಂಕಷ್ಟದ ಸಮಯದಲ್ಲಿ ಅಗಲವಾಗಿ ಉಳಿಯುವುದಕ್ಕೂ ಇದೇ ರಾಸಾಯನಿಕಗಳು ಬೇಕು. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್‌ನಂಥ ರಕ್ತದೊತ್ತಡದ ಔಷಧಗಳು ಮೂತ್ರಪಿಂಡದಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುತ್ತವೆ. ಹೆಚ್ಚು ಮೂತ್ರ ಹೋಗುವಂತೆ ಮಾಡುವ ಮಾತ್ರೆಗಳು, ಅಂದರೆ ಹೈಡ್ರೊಕ್ಲೋರೊಥಯಜೈಡ್, ಫ್ಯುರೊಸಮೈಡ್ ಮೊದಲಾದವು, ಒಟ್ಟು ನೀರಿನ ಪ್ರಮಾಣವನ್ನೇ ತಗ್ಗಿಸುತ್ತವೆ. ಈ ಮೂರೂ ಒಂದೇ ದೇಹದಲ್ಲಿ ಸೇರಿದಾಗ ಮೂತ್ರಪಿಂಡದ ಸೋಸುವ ಒತ್ತಡ ಹಠಾತ್ತನೆ ಕುಸಿಯಬಹುದು. ವಾಂತಿಭೇದಿಯಾಗಿಯೋ ಬೇಸಿಗೆಯ ಬೆವರಿನಿಂದಲೋ ನೀರು ಬತ್ತಿದ ವೃದ್ಧರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಇದಲ್ಲದೆ ನೋವಿನ ಮಾತ್ರೆಗಳು ಉಪ್ಪನ್ನೂ ನೀರನ್ನೂ ದೇಹದಲ್ಲಿ ಹಿಡಿದಿಟ್ಟು ರಕ್ತದೊತ್ತಡವನ್ನು ಏರಿಸುತ್ತವೆ, ದುರ್ಬಲ ಹೃದಯದವರಲ್ಲಿ ಉಬ್ಬಸವನ್ನೂ ಕಾಲಿನ ಊತವನ್ನೂ ಹೆಚ್ಚಿಸುತ್ತವೆ. ಹೃದಯಾಘಾತದ ನಂತರ ವೈದ್ಯರು ಸಣ್ಣ ಪ್ರಮಾಣದಲ್ಲಿ ಕೊಡುವ ಆಸ್ಪಿರಿನ್‌ನ ಲೆಕ್ಕ ಬೇರೆ, ಅದನ್ನು ತಾವಾಗಿ ನಿಲ್ಲಿಸಬಾರದು. ಆದರೆ ಅದಕ್ಕಿಂತ ಮೊದಲು ಐಬುಪ್ರೊಫೆನ್ ನುಂಗಿದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್‌ನ ಶಕ್ತಿಗೇ ಅಡ್ಡಿಯಾಗುತ್ತದೆ. ನೋವು ಸಹಿಸಿಕೊಂಡು ಕೂರಬೇಕೆಂದು ಇದರ ಅರ್ಥವಾಗಬಾರದು. ಇಂಥವರಿಗೆ ವೈದ್ಯರು ಸಾಮಾನ್ಯವಾಗಿ ಪ್ಯಾರಸಿಟಮಾಲ್‌ನಿಂದ ಆರಂಭಿಸುತ್ತಾರೆ, ಕೇಳಿದರೆ ದಾರಿ ಇದ್ದೇ ಇರುತ್ತದೆ.

ಉಪ್ಪಿನ ವಿಚಾರ ಸೂಕ್ಷ್ಮವಾದದ್ದು. ‘ಕಡಿಮೆ ಸೋಡಿಯಂ’ ಎಂಬ ಹೆಸರಿನ ಪೊಟ್ಟಣಗಳಲ್ಲಿ ಅಡುಗೆ ಉಪ್ಪಿನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಕಡಿಮೆಯಾದದ್ದು ಕಂಡುಬಂದಿದೆ, ಆದ್ದರಿಂದ ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಅದೇ ಅಧ್ಯಯನ ಗಂಭೀರ ಮೂತ್ರಪಿಂಡ ರೋಗವಿದ್ದವರನ್ನು ಹೊರಗಿಟ್ಟಿತ್ತು. ಕಾರಣ ಸ್ಪಷ್ಟ: ಹೆಚ್ಚಾದ ಪೊಟ್ಯಾಸಿಯಂ ಅನ್ನು ಹೊರಹಾಕುವುದು ಮೂತ್ರಪಿಂಡವೇ. ಟೆಲ್ಮಿಸಾರ್ಟನ್ ಬಗೆಯ ಮಾತ್ರೆಗಳೂ, ದುರ್ಬಲ ಹೃದಯಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಕೂಡ ಪೊಟ್ಯಾಸಿಯಂ ದೇಹದಿಂದ ಹೊರಹೋಗುವುದನ್ನು ತಗ್ಗಿಸುತ್ತವೆ, ರಕ್ತದಲ್ಲಿ ಅದು ಮಿತಿ ಮೀರಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಹೃದಯದ ಬಡಿತ ತಪ್ಪಬಹುದು. ಎಳನೀರಿನಲ್ಲಿಯೂ ಪೊಟ್ಯಾಸಿಯಂ ಧಾರಾಳವಾಗಿದೆ. ಮೂತ್ರಪಿಂಡ ಸರಿಯಾಗಿರುವವರು ಬಿಸಿಲಿನಲ್ಲಿ ಒಂದು ಎಳನೀರು ಕುಡಿಯಲು ಹೆದರಬೇಕಿಲ್ಲ. ಮೂತ್ರಪಿಂಡ ಸೋತವರು ಮತ್ತು ಸ್ಪೈರೊನೊಲ್ಯಾಕ್ಟೋನ್ ನುಂಗುವವರು ದಿನವೂ ಕುಡಿಯುವ ಮುನ್ನ ರಕ್ತಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳುವುದು ಅಗತ್ಯ.

ಗಿಡಮೂಲಿಕೆಯಿಂದ ಯಾವ ಹಾನಿಯೂ ಇಲ್ಲವೆಂಬ ನಂಬಿಕೆಗೆ ಸರ್ಪಗಂಧದ ಇತಿಹಾಸವೇ ಉತ್ತರ ಕೊಡುತ್ತದೆ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಲೇಖನದಿಂದ ಈ ನೆಲದ ಆ ಬೇರು ರಕ್ತದೊತ್ತಡದ ಔಷಧವಾಗಿ ಜಗತ್ತಿನ ಗಮನ ಸೆಳೆಯಿತು. ಅದರಿಂದ ಬೇರ್ಪಡಿಸಿದ ರೆಸರ್ಪಿನ್ ಒಂದು ಕಾಲಕ್ಕೆ ವ್ಯಾಪಕವಾಗಿ ಬಳಕೆಯಾಗಿ, ಮಂಕುತನ, ಮನೋಖಿನ್ನತೆಗಳ ದೂರುಗಳಿಂದಾಗಿ ಹಿಂದೆ ಸರಿಯಿತು. ರಕ್ತದೊತ್ತಡವನ್ನು ಇಳಿಸುವ ಬೇರಿರುವಂತೆ ಏರಿಸುವ ಬೇರೂ ಇದೆ. ಕೆಮ್ಮಿನ ಕಷಾಯಗಳಲ್ಲಿ ಬಳಸುವ ಜ್ಯೇಷ್ಠಮಧುವನ್ನು ಹೆಚ್ಚು ದಿನ ಸೇವಿಸಿದರೆ ದೇಹ ಉಪ್ಪನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಕಳೆದುಕೊಳ್ಳುತ್ತದೆ, ಒತ್ತಡ ಏರುತ್ತದೆ. ಹೃದಯದ ಬಡಿತ ನಿಯಂತ್ರಿಸುವ ಡಿಗಾಕ್ಸಿನ್ ನುಂಗುವವರಲ್ಲಿ ಪೊಟ್ಯಾಸಿಯಂ ಇಳಿದರೆ ಆ ಔಷಧವೇ ವಿಷವಾಗಬಹುದು.

ಹಣ್ಣುಗಳಲ್ಲಿ ಎಚ್ಚರ ಬೇಕಾದದ್ದು ಚಕ್ಕೋತದ ಬಳಗಕ್ಕೆ. ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಫೆಲೊಡಿಪಿನ್ ಎಂಬ ರಕ್ತದೊತ್ತಡದ ಔಷಧದೊಡನೆ ಮದ್ಯದ ಪರಿಣಾಮವನ್ನು ಅಳೆಯುವ ಪ್ರಯೋಗದಲ್ಲಿ, ಮದ್ಯದ ರುಚಿ ತಿಳಿಯದಿರಲೆಂದು ಗ್ರೇಪ್‌ಫ್ರೂಟ್ ರಸ ಬೆರೆಸಿದಾಗ ರಕ್ತದಲ್ಲಿ ಔಷಧದ ಮಟ್ಟ ನಿರೀಕ್ಷೆ ಮೀರಿ ಏರಿತು. ಈ ಆಕಸ್ಮಿಕ ಶೋಧ 1989ರಲ್ಲಿ ಪ್ರಕಟವಾಯಿತು. ಔಷಧವನ್ನು ಒಡೆಯುವ ಕರುಳಿನ ಕಿಣ್ವವೊಂದನ್ನು ಆ ರಸದ ಅಂಶಗಳು ಒಂದೆರಡು ದಿನ ನಿಷ್ಕ್ರಿಯಗೊಳಿಸುತ್ತವೆ. ಗ್ರೇಪ್‌ಫ್ರೂಟ್ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ ಹುಟ್ಟಿದ ಹಣ್ಣಾಗಿದ್ದು, ದೇವನಹಳ್ಳಿಯ ಕಡೆ ಹೆಸರಾದ ಚಕ್ಕೋತದ ಜಾತಿಯಲ್ಲಿಯೂ ಅಂಥ ಅಂಶಗಳು ಕಂಡುಬಂದಿವೆ. ಅಮ್ಲೊಡಿಪಿನ್ ನುಂಗುವವರಿಗೆ ಇದರ ಪರಿಣಾಮ ಅಲ್ಪ. ಫೆಲೊಡಿಪಿನ್ ಅಥವಾ ಕೊಬ್ಬಿನಂಶ ಇಳಿಸುವ ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ನುಂಗುವವರು ಈ ಹಣ್ಣುಗಳ ಬಗ್ಗೆ ವೈದ್ಯರಲ್ಲಿ ವಿಚಾರಿಸಬೇಕು.

ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಅಥವಾ ಅಸಿನೊಕೌಮರಾಲ್ ನುಂಗುವವರ ಮನೆಯಲ್ಲಿ ಸೊಪ್ಪನ್ನೇ ನಿಷೇಧಿಸುವುದುಂಟು. ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವ ಸೊಪ್ಪುಗಳಲ್ಲಿ ಹೇರಳವಾಗಿದ್ದು, ಅದಕ್ಕೆ ವಿರುದ್ಧವಾಗಿ ಕೆಲಸ ಮಾಡುವ ಈ ಮಾತ್ರೆಗಳ ಬಲವನ್ನು ಅದು ಕುಗ್ಗಿಸುವುದು ನಿಜ. ಆದರೂ ಬೇಕಾದದ್ದು ಸಮಪ್ರಮಾಣ. ವಾರವಿಡೀ ಸೊಪ್ಪು ಮುಟ್ಟದೆ ಒಂದು ದಿನ ಬಸ್ಸಾರು, ಪಲ್ಯ ಎಲ್ಲವನ್ನೂ ತುಂಬ ಉಂಡರೆ ಐಎನ್ಆರ್ ಎಂಬ ರಕ್ತಪರೀಕ್ಷೆಯ ಅಂಕಿ ಏರುಪೇರಾಗುತ್ತದೆ. ದಿನವೂ ಒಂದೇ ಅಳತೆಯಲ್ಲಿ ಉಣ್ಣುವವರಿಗೆ ವೈದ್ಯರು ಮಾತ್ರೆಯನ್ನೇ ಆ ಊಟಕ್ಕೆ ಹೊಂದಿಸಬಲ್ಲರು.

ಒತ್ತಡ ಸರಿಯಾಯಿತೆಂದು ಮಾತ್ರೆ ಬಿಡುವುದೂ ಈ ಸರಣಿಗೆ ಸೇರಿದ್ದೇ, ಏಕೆಂದರೆ ಅಂಕಿ ಸರಿಯಾಗಿರುವುದು ಬಹುಮಟ್ಟಿಗೆ ಮಾತ್ರೆಯಿಂದಲೇ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ಗರ್ಭಿಣಿಯರಲ್ಲಿ ಮತ್ತು ಗರ್ಭ ಧರಿಸಲು ಯೋಜಿಸುವವರಲ್ಲಿ ಮಾತ್ರ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಗುಂಪಿನ ಔಷಧವನ್ನು ವೈದ್ಯರು ತಡಮಾಡದೆ ಬದಲಿಸುತ್ತಾರೆ, ಅವು ಭ್ರೂಣಕ್ಕೆ ಹಾನಿಕರ.

ಔಷಧದ ಜೊತೆ ಅದೇ ಔಷಧ ಸೇರಿಬಿಡುವುದೂ ಉಂಟು. ಟೆಲ್ಮಿಸಾರ್ಟನ್ ಒಂದನ್ನೇ ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ಮಾರುತ್ತವೆ. ಹೆಸರಿನ ಕೊನೆಗೆ ‘ಎಎಂ’ ಇದ್ದರೆ ಸಾಮಾನ್ಯವಾಗಿ ಅಮ್ಲೊಡಿಪಿನ್, ‘ಎಚ್’ ಇದ್ದರೆ ಹೈಡ್ರೊಕ್ಲೋರೊಥಯಜೈಡ್ ಸೇರಿದೆಯೆಂದು ತಿಳಿಯಬೇಕು. ಆಸ್ಪತ್ರೆಯಿಂದ ಮರಳುವಾಗ ಹೊಸ ಹೆಸರಿನ ಮಾತ್ರೆ ಕೈಗೆ ಬಂದು, ಹಳೆಯದೂ ಮನೆಯ ಡಬ್ಬಿಯಲ್ಲಿ ಉಳಿದಿದ್ದರೆ, ಒಂದೇ ಔಷಧ ದಿನಕ್ಕೆ ಎರಡು ಪಾಲು ಹೊಟ್ಟೆ ಸೇರಿ ತಲೆ ತಿರುಗಿ ಬೀಳುವ ಸಂಭವವಿದೆ. ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುವ ಮೂಲ ಔಷಧದ ಹೆಸರನ್ನು ಹಳೆಯದರೊಡನೆ ಹೋಲಿಸಿ ನೋಡಲು ಔಷಧ ಅಂಗಡಿಯವರನ್ನು ಕೇಳಿಕೊಳ್ಳಬಹುದು, ಉಳಿದ ಹಳೆಯ ಮಾತ್ರೆಗಳನ್ನು ಮುಂದಿನ ಭೇಟಿಯಲ್ಲಿ ವೈದ್ಯರ ಮೇಜಿನ ಮೇಲೆ ಇಡಬಹುದು.