ಸೂಜಿ ದಾರದ ಸಂಚಿ

ದೀಪ, ಬೆಂಕಿಪೆಟ್ಟಿಗೆ, ಔಷಧದ ಡಬ್ಬಿ ಇವು ಎಲ್ಲಿವೆಯೆಂದು ಕತ್ತಲೆಯಲ್ಲಿಯೂ ಹೇಳಬಲ್ಲ ಗೃಹಸ್ಥನು, ಸೂಜಿ ಎಲ್ಲಿದೆಯೆಂದು ಕೇಳಿದರೆ ಹಗಲಿನಲ್ಲಿಯೇ ತಡಕಾಡುವನು. ಈ ಅಲಕ್ಷ್ಯದ ಫಲವನ್ನು ನಾವು ಒಮ್ಮೆ ಅನುಭವಿಸಿದವರಾದುದರಿಂದ ವಾಚಕರಲ್ಲಿ ನಾಲ್ಕು ಮಾತುಗಳನ್ನು ಬಿನ್ನವಿಸುತ್ತೇವೆ.

ನಾವು ಅಧ್ಯಾಪಕವೃತ್ತಿಯಲ್ಲಿದ್ದಾಗ ಒಂದು ವರ್ಷ ಮಕ್ಕಳನ್ನು ಕರೆದುಕೊಂಡು ಕೊಡಚಾದ್ರಿಯನ್ನು ಏರಿದ್ದೆವು. ಇಳಿಯುವಾಗ ಒಬ್ಬ ಹುಡುಗನ ಬೂಟಿನ ಅಟ್ಟೆಯು ಅರ್ಧದವರೆಗೆ ಕಿತ್ತುಬಂದಿತು. ಕಲ್ಲುದಾರಿ, ಮೋಡ ಕವಿದ ಸಂಜೆ, ಬರಿಗಾಲಿನಲ್ಲಿ ನಡೆಯಲು ಅಭ್ಯಾಸವಿಲ್ಲದ ಬಾಲಕ. ಚರ್ಮವನ್ನು ಚುಚ್ಚುವ ಸಲಕರಣೆಗೆ ಸಂಸ್ಕೃತದಲ್ಲಿ ‘ಆರಾ’ ಎಂಬ ಹೆಸರುಂಟೆಂಬುದೂ, ‘ಸೂಚಿ’ಯೇ ಕನ್ನಡದಲ್ಲಿ ‘ಸೂಜಿ’ಯಾಯಿತೆಂಬುದೂ ನಮಗೆ ತಿಳಿದಿತ್ತು, ಆದರೆ ಎರಡರಲ್ಲಿ ಒಂದೂ ನಮ್ಮ ಕೈಯಲ್ಲಿರಲಿಲ್ಲ. ಟವೆಲಿನಿಂದ ಕಟ್ಟಿದೆವು, ಹತ್ತು ಹೆಜ್ಜೆಗೆ ಜಾರಿತು. ಆಗ ಜೊತೆಗೆ ಬಂದಿದ್ದ ಶಾಲೆಯ ಜವಾನನು ತನ್ನ ಚೀಲದಿಂದ ಒಂದು ದಬ್ಬಳವನ್ನೂ, ಮೇಣ ತಿಕ್ಕಿದ ದಾರವನ್ನೂ ತೆಗೆದು, ಚಪ್ಪಟೆ ಕಲ್ಲಿನಿಂದ ದಬ್ಬಳವನ್ನು ಒತ್ತಿ ಒತ್ತಿ ಏಳೆಂಟು ಹೊಲಿಗೆ ಹಾಕಿಕೊಟ್ಟನು. ಕತ್ತಲಾಗುವ ಮೊದಲೇ ಹುಡುಗನು ತನ್ನ ಕಾಲಿನಲ್ಲಿಯೇ ನಡೆದು ಕೆಳಗೆ ಬಂದನು. ಆ ದಿನ ಗುರುಸ್ಥಾನವು ಯಾರಿಗೆ ಸಂದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೊಲಿಗೆಯು ಹೆಂಗಸರ ಕೆಲಸವೆಂದು ನಗುವವರುಂಟು. ಸರ್ವಸಂಗವನ್ನೂ ತೊರೆದ ಬೌದ್ಧಭಿಕ್ಷುವಿಗೆ ವಿಹಿತವಾದ ಎಂಟು ಪರಿಕರಗಳಲ್ಲಿ ಮೂರು ಚೀವರಗಳು, ಭಿಕ್ಷಾಪಾತ್ರೆ ಮೊದಲಾದವುಗಳೊಡನೆ ಸೂಜಿಯೂ ಒಂದು. ಎರಡು ಮಹಾಯುದ್ಧಗಳಲ್ಲಿಯೂ ಬ್ರಿಟಿಷ್ ಸೈನಿಕನು ಸೂಜಿ, ದಾರ, ಗುಂಡಿಗಳ ಪುಟ್ಟ ಸಂಚಿಯೊಂದನ್ನು ಹೊತ್ತು ನಡೆಯುತ್ತಿದ್ದನು. ಅದಕ್ಕೆ ‘ಗೃಹಿಣಿ’ ಎಂಬರ್ಥದ ಹೆಸರನ್ನೇ ಇಟ್ಟಿದ್ದರು. ಗೃಹಿಣಿಯು ಜೊತೆಗಿಲ್ಲದ ಕಡೆಯಲ್ಲಿ ಹೊಲಿಗೆಯು ತನ್ನ ಕೈಯಿಂದಲೇ ಆಗತಕ್ಕದ್ದೆಂಬುದನ್ನು ಅವರು ಅರಿತಿದ್ದರು.

ಈಗ ಸಂಚಿಯಲ್ಲಿ ಇರತಕ್ಕವುಗಳನ್ನು ಹೇಳುತ್ತೇವೆ. ತೆಳುಬಟ್ಟೆಗೆ ಸಣ್ಣ ಸೂಜಿಗಳು ಎರಡು, ದಪ್ಪ ಬಟ್ಟೆಗೆ ದೊಡ್ಡವು ಎರಡು, ಚೀಲ ಪಾದರಕ್ಷೆಗಳಿಗೆ ಒಂದು ದಬ್ಬಳ. ಕೈಹೊಲಿಗೆಯ ಸೂಜಿಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣದು. ಯಂತ್ರದ ಸೂಜಿಗಳಲ್ಲಿ ಇದು ತಿರುಗುಮುರುಗು. ಬಟ್ಟೆಗೆ ಸಾಧಾರಣ ದಾರ. ಮಳೆಯಲ್ಲಿ ನೆನೆಯುವ ವಸ್ತುಗಳಿಗೆ ನೈಲಾನ್ ದಾರ, ಏಕೆಂದರೆ ಹತ್ತಿಯ ನೂಲು ತೇವದಲ್ಲಿ ಕೊಳೆಯುತ್ತದೆ. ಒಂದು ಚೂರು ಜೇನುಮೇಣ, ಸಣ್ಣ ಕತ್ತರಿ, ಬೆರಳಿಗೆ ತೊಡುವ ಲೋಹದ ಟೊಪ್ಪಿಗೆ, ನಾಲ್ಕು ಗುಂಡಿಗಳು, ಅಂಗೈಯಗಲದ ಗಟ್ಟಿಬಟ್ಟೆ, ಕೆಲವು ಪಿನ್ನುಗಳು. ಮೊನೆಯನ್ನು ಮುಚ್ಚಿಕೊಳ್ಳುವ ಈ ಪಿನ್ನಿಗೆ 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಎಂಬಾತನು ಪೇಟೆಂಟ್ ಪಡೆದನು. ಅದು ತತ್ಕಾಲಕ್ಕೆ ಆಧಾರವೇ ಹೊರತು ಹೊಲಿಗೆಗೆ ಬದಲಲ್ಲ.

ಚರ್ಮ, ಕ್ಯಾನ್ವಾಸುಗಳಿಗಾಗಿ ಮರದ ಹಿಡಿಯುಳ್ಳ ಸೂಜಿಯೊಂದು ದೊರೆಯುತ್ತದೆ. ಇದರ ಕಣ್ಣು ಮೊನೆಯ ಬಳಿಯಲ್ಲಿರುತ್ತದೆ. ಮೊದಲು ಚುಚ್ಚಿ, ಬೇಕಾದಷ್ಟು ದಾರವನ್ನು ಆಚೆಗೆ ಎಳೆದುಕೊಂಡು, ಸೂಜಿಯನ್ನು ಹಿಂದೆಗೆಯಬೇಕು. ಮತ್ತೆ ಮುಂದೆ ಚುಚ್ಚಿ ತುಸು ಹಿಂದಕ್ಕೆಳೆದರೆ ಆಚೆ ಬದಿಯಲ್ಲಿ ಕುಣಿಕೆಯಾಗುವುದು. ಅದರೊಳಗೆ ಆ ಬಿಡಿದಾರವನ್ನು ತೂರಿಸಿ, ಸೂಜಿಯನ್ನು ತೆಗೆದು, ಎರಡು ಕಡೆಯಿಂದಲೂ ಸಮನಾಗಿ ಬಿಗಿದರೆ ಯಂತ್ರದ ಹೊಲಿಗೆಯಂತೆಯೇ ಗಟ್ಟಿಯಾಗಿ ನಿಲ್ಲುವುದು.

ಹೊಲಿಯುವ ಕ್ರಮವೂ ಕಠಿನವಲ್ಲ. ದಾರವು ಒಂದು ಮೊಳಕ್ಕಿಂತ ಬಹಳ ಉದ್ದವಾದರೆ ತೊಡಕಾಗುವುದು. ಅದನ್ನು ಮೇಣದ ಮೇಲೆ ಎರಡು ಸಲ ಎಳೆದರೆ ಸಿಕ್ಕುಬೀಳದು. ಭಾರ ಹೊರುವ ಚೀಲದ ಪಟ್ಟಿಗೆ ಸೂಜಿಯನ್ನು ಒಂದು ಹೊಲಿಗೆಯಷ್ಟು ಮುಂದೆ ತೆಗೆದು, ಹಿಂದಿನ ಹೊಲಿಗೆಯ ತುದಿಗೇ ಮರಳಿ ಇಳಿಸುತ್ತ ಹೋಗಬೇಕು. ಇದು ಸಾಲುಹೊಲಿಗೆಗಿಂತ ಬಹಳ ಬಲವಾದುದು. ತೇಪೆಯು ಹರಿದ ಬಾಯಿಯನ್ನು ದಾಟಿ ಗಟ್ಟಿಬಟ್ಟೆಯ ಮೇಲೆ ಕೂರತಕ್ಕದ್ದು. ಜೀರ್ಣವಾದ ಬಟ್ಟೆಗೆ ಹೊಲಿದರೆ ಹೊಲಿಗೆಯ ಪಕ್ಕದಲ್ಲಿಯೇ ಮತ್ತೆ ಹರಿಯುವುದು. ಕೊಡೆಯ ಬಟ್ಟೆ ಕಡ್ಡಿಯ ತುದಿಯಿಂದ ಬಿಟ್ಟಾಗ, ತುದಿಯ ರಂಧ್ರದಲ್ಲಿ ನಾಲ್ಕು ಸಲ ದಾರ ಹಾಯಿಸಿ ಗಂಟಿಕ್ಕಿದರೆ ಸಾಕು. ಮಳೆಯಂಗಿಗೆ ಮಾತ್ರ ಹೊಲಿಗೆ ಕಡಿಮೆಯಿರಲಿ. ಸೂಜಿಯ ಪ್ರತಿಯೊಂದು ರಂಧ್ರವೂ ನೀರಿಗೆ ಬಾಗಿಲಾಗುವುದು.

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಬರಿಯ ಸಾಲುಹೊಲಿಗೆಯಿಂದಲೇ ಕೌದಿಯಾಗಿಸುವ ಅಜ್ಜಿಯರನ್ನು ವಾಚಕರು ಕಂಡಿರಬಹುದು. ಆ ಕೈಗಳು ಯಾವ ಪಾಠಶಾಲೆಯಲ್ಲಿಯೂ ಕಲಿತವಲ್ಲ. ಮನೆಯಲ್ಲಿ ನೋಡಿ ಕಲಿತವು. ನಾವು ಕಲಿತದ್ದು ನಿವೃತ್ತರಾದ ಮೇಲೆ, ನಮ್ಮ ಮನೆಯವರಿಂದ. ಮೊದಲನೆಯ ದಿನ ಸೂಜಿಗೆ ದಾರ ಪೋಣಿಸುವುದಕ್ಕೇ ಕಾಲು ಗಂಟೆ ಹಿಡಿಯಿತು. ವಾಚಕರು ಅಷ್ಟು ತಡಮಾಡದೆ, ಬರುವ ಭಾನುವಾರವೇ ಮಗಳ ಜೊತೆಗೆ ಮಗನನ್ನೂ ಕೂಡಿಸಿಕೊಂಡು, ಬಿದ್ದ ಗುಂಡಿಯೊಂದನ್ನು ಹೊಲಿಸಬೇಕೆಂದು ಕೋರುತ್ತೇವೆ.