ಅಗ್ಗದ ಟಿವಿ ಡಬ್ಬಿ ಹಚ್ಚಿದರೆ ಎಲ್ಲಾ ಪುಕ್ಕಟೆಯೇ?

ಕಳೆದ ರಜೆಯಲ್ಲಿ ಹುಮನಾಬಾದಿನ ಕಾಕಾ ಅವರ ಮನೆಗೆ ಹೋಗಿದ್ದೆ. ಟಿವಿಯ ಹಿಂದೆ ಅಂಗೈಯಷ್ಟೇ ಅಗಲದ ಕಪ್ಪು ಡಬ್ಬಿಯೊಂದಿತ್ತು. "ಬಸವಕಲ್ಯಾಣದಾಗ ತಗೊಂಡೆ. ಇದನ್ನ ಹಚ್ಚಿದ್ರ ರೀಚಾರ್ಜೇ ಬ್ಯಾಡ, ಎಲ್ಲಾ ಸಿನಿಮಾ ಪುಕ್ಕಟ" ಎಂದರು ಕಾಕಾ. ಡಬ್ಬಿಯ ಮೇಲೆ ಕಂಪನಿಯ ಹೆಸರಿರಲಿಲ್ಲ, ‘4ಕೆ’ ಎಂಬ ಚೀಟಿ ಮಾತ್ರ ಇತ್ತು. ಅಜ್ಜಿ ಸಂಜೆ ವಚನ ಗಾಯನ ಕೇಳುವುದೂ ಅದರಲ್ಲೇ. ಇಷ್ಟು ಸಣ್ಣ ಡಬ್ಬಿ ಹಳೆಯ ಟಿವಿಯನ್ನು ಸ್ಮಾರ್ಟ್ ಮಾಡುವುದು ಹೇಗೆ? ಪುಕ್ಕಟೆ ಎಂಬುದು ನಿಜವೇ?

ಸಣ್ಣ ಡಬ್ಬಿಗೆ ಇಷ್ಟು ಶಕ್ತಿ ಎಲ್ಲಿಂದ?

ಫುಲ್ ಎಚ್‌ಡಿ ಚಿತ್ರದ ಒಂದು ಚೌಕಟ್ಟಿನಲ್ಲಿ ಸುಮಾರು 20 ಲಕ್ಷ ಚುಕ್ಕಿಗಳಿರುತ್ತವೆ. ಸೆಕೆಂಡಿಗೆ 25 ಚೌಕಟ್ಟುಗಳಂತೆ ಅವೆಲ್ಲವನ್ನೂ ಇದ್ದಂತೆಯೇ ಉಳಿಸಿದರೆ ಒಂದು ಗಂಟೆಯ ವಿಡಿಯೋಗೆ ಸುಮಾರು 560 ಜಿಬಿ ಜಾಗ ಬೇಕು! ಆದರೆ ಒಂದು ಚೌಕಟ್ಟಿಗೂ ಮುಂದಿನದಕ್ಕೂ ಹೆಚ್ಚಿನ ವ್ಯತ್ಯಾಸ ಇರುವುದಿಲ್ಲ. ಹಾಗಾಗಿ ಬದಲಾದ ಭಾಗವನ್ನಷ್ಟೇ ಬರೆದಿಟ್ಟು ಕಡತವನ್ನು ಕೆಲವೇ ಜಿಬಿಗೆ ಇಳಿಸುತ್ತಾರೆ. ಎಚ್.264, ಎಚ್.265 ಎಂಬುವು ಹೀಗೆ ಕುಗ್ಗಿಸುವ ವಿಧಾನಗಳು.

ಕುಗ್ಗಿಸಿದ್ದನ್ನು ಮತ್ತೆ ಬಿಡಿಸಿ ತೋರಿಸುವುದು ಕಷ್ಟದ ಕೆಲಸ. ಸಣ್ಣ ಕಂಪ್ಯೂಟರಿನ ಚಿಪ್‌ನಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಸರ್ಕ್ಯೂಟ್ ಇರುತ್ತದೆ. 2012ರಲ್ಲಿ ಬಂದ ಮೊದಲ ರಾಸ್ಪ್‌ಬೆರಿ ಪೈ ಇದಕ್ಕೆ ಒಳ್ಳೆಯ ಉದಾಹರಣೆ. ಮಕ್ಕಳಿಗೆ ಕಂಪ್ಯೂಟರ್ ಕಲಿಸಲೆಂದು ಬ್ರಿಟನ್ನಿನಲ್ಲಿ ರೂಪಿಸಿದ, ಎಟಿಎಂ ಕಾರ್ಡಿನಷ್ಟು ದೊಡ್ಡ ಬೋರ್ಡ್ ಅದು. ಅದರ ಪ್ರೊಸೆಸರ್ ವೇಗ ಬರೀ 700 ಮೆಗಾಹರ್ಟ್ಸ್. ಆದರೂ ಈ ಸರ್ಕ್ಯೂಟ್ ಇದ್ದುದರಿಂದ ಫುಲ್ ಎಚ್‌ಡಿ ಸಿನಿಮಾ ತಡೆಯಿಲ್ಲದೆ ಓಡುತ್ತಿತ್ತು. ಜನ ಅದನ್ನು ಟಿವಿಗೆ ಜೋಡಿಸಿದ್ದು ಇದಕ್ಕೇ.

ಇಂಥ ಕಂಪ್ಯೂಟರಿಗೆ ಕರೆಂಟೂ ಕಡಿಮೆ ಸಾಕು. 5 ವ್ಯಾಟ್ ಬಳಸುವ ಡಬ್ಬಿಯನ್ನು ತಿಂಗಳಿಡೀ ಹಗಲು ರಾತ್ರಿ ಚಾಲೂ ಇಟ್ಟರೂ 4 ಯೂನಿಟ್ ಆಗುವುದಿಲ್ಲ.

‘ಪುಕ್ಕಟೆ’ಯ ಬೆಲೆ

ಹಾಗಾದರೆ ಕಾಕಾ ಅವರ ಡಬ್ಬಿಯಲ್ಲಿ ತಪ್ಪೇನು? ಸಣ್ಣದಾಗಿರುವುದು, ಅಗ್ಗವಾಗಿರುವುದು ತಪ್ಪಲ್ಲ. ಅದರೊಳಗಿನ ತಂತ್ರಾಂಶ ಯಾರದ್ದು ಎಂಬುದೇ ಪ್ರಶ್ನೆ. ಆಂಡ್ರಾಯ್ಡ್‌ನ ಮೂಲ ರೂಪವನ್ನು ಯಾರು ಬೇಕಾದರೂ ತೆಗೆದುಕೊಂಡು ಡಬ್ಬಿಗೆ ತುಂಬಬಹುದು. ಗೂಗಲ್‌ನ ಪರೀಕ್ಷೆಯಲ್ಲಿ ಪಾಸಾಗಿ ಪ್ರಮಾಣಪತ್ರ ಪಡೆಯುವ ಡಬ್ಬಿಗಳು ಬೇರೆ, ಹೆಸರಿಲ್ಲದೆ ಬರುವ ಡಬ್ಬಿಗಳು ಬೇರೆ.

‘ಬ್ಯಾಡ್‌ಬಾಕ್ಸ್’ ಎಂಬ ಕುತಂತ್ರಾಂಶ ಹೆಸರು ಮಾಡಿದ್ದು ಇಂಥ ಅಗ್ಗದ ಉಪಕರಣಗಳಲ್ಲೇ. 2024ರ ಡಿಸೆಂಬರಿನಲ್ಲಿ ಜರ್ಮನಿಯ ಸೈಬರ್ ಭದ್ರತಾ ಸಂಸ್ಥೆ ಆ ದೇಶದಲ್ಲಿ ಸುಮಾರು 30,000 ಉಪಕರಣಗಳು ಕಳ್ಳರ ಸರ್ವರ್ ಸಂಪರ್ಕಿಸುವುದನ್ನು ತಡೆಯಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಕೂಡ ಜನರನ್ನು ಎಚ್ಚರಿಸಿತು. ಕೆಲವು ಡಬ್ಬಿಗಳಲ್ಲಿ ಇದು ಅಂಗಡಿಗೆ ಬರುವ ಮೊದಲೇ ಸೇರಿರುತ್ತದೆ. ಆಗ ‘ರೀಸೆಟ್’ ಮಾಡಿದರೂ ಹೋಗುವುದಿಲ್ಲ.

ಸೋಂಕಿದ ಡಬ್ಬಿ ನಿಮ್ಮ ಮನೆಯ ಇಂಟರ್‌ನೆಟ್ಟನ್ನು ನಿಮಗೆ ತಿಳಿಯದಂತೆ ಬೇರೆಯವರಿಗೆ ಬಾಡಿಗೆಗೆ ಕೊಡಬಹುದು. ಎಲ್ಲೋ ಕುಳಿತವನು ನಿಮ್ಮ ಸಂಪರ್ಕದ ಮೂಲಕ ಮೋಸ ಮಾಡಿದರೆ, ಹುಡುಕಿ ಬರುವವರಿಗೆ ಮೊದಲು ಕಾಣುವುದು ನಿಮ್ಮ ಮನೆಯ ವಿಳಾಸ. ನೀವು ಫೋನ್‌ಪೇ, ಬ್ಯಾಂಕ್ ಆ್ಯಪ್ ಬಳಸುವುದೂ ಅದೇ ವೈಫೈಯಲ್ಲಿ ಎಂಬುದನ್ನು ಮರೆಯಬೇಡಿ.

ಇನ್ನು ‘4ಕೆ’ ಚೀಟಿ. ಪ್ರಮಾಣಪತ್ರವಿಲ್ಲದ ಡಬ್ಬಿಗೆ ದೊಡ್ಡ ಒಟಿಟಿಗಳು ಸಾಮಾನ್ಯವಾಗಿ ಎಚ್‌ಡಿ ಚಿತ್ರವನ್ನೇ ಕಳಿಸುವುದಿಲ್ಲ. ಚಂದಾ ಕಟ್ಟಿದರೂ ಮಸುಕು ಚಿತ್ರವೇ ಗತಿ.

ಹಾಗಾದರೆ ಏನು ಮಾಡಬೇಕು?

* ಮೊದಲು ನಿಮಗೆ ಬೇಕಾದದ್ದೇನು ಎಂದು ನೋಡಿ. ಮದುವೆ ವಿಡಿಯೋ, ಪ್ರವಚನ, ಹಾಡು ಮಾತ್ರ ಸಾಕಾದರೆ ಟಿವಿಯ ಯುಎಸ್‌ಬಿ ಕಿಂಡಿಗೆ ಪೆನ್‌ಡ್ರೈವ್ ಹಾಕಿ. ಎಷ್ಟೋ ಹಳೆಯ ಎಲ್‌ಇಡಿ ಟಿವಿಗಳಲ್ಲೂ ಇದು ನಡೆಯುತ್ತದೆ.
* ಒಟಿಟಿ ಬೇಕಾದರೆ ಪ್ರಮಾಣಪತ್ರ ಇರುವ ಕಂಪನಿಯ ಸ್ಟಿಕ್ ಅಥವಾ ಡಬ್ಬಿ ಕೊಳ್ಳಿ.
* ಕಲಿಯುವ ಆಸಕ್ತಿಯ ಮಕ್ಕಳು ಮನೆಯಲ್ಲಿದ್ದರೆ ರಾಸ್ಪ್‌ಬೆರಿ ಪೈಗೆ ಲಿಬ್ರೆಎಲೆಕ್ ತಂತ್ರಾಂಶ ಹಾಕಬಹುದು. ಅದರೊಳಗೆ ಬರುವ ‘ಕೋಡಿ’ ಎಂಬ ಪ್ಲೇಯರ್ ನಿಜಕ್ಕೂ ಉಚಿತ, ಮುಕ್ತ ತಂತ್ರಾಂಶ. ಬಹಳಷ್ಟು ಟಿವಿಗಳಲ್ಲಿ ಟಿವಿಯ ರಿಮೋಟಿನಿಂದಲೇ ಇದನ್ನು ನಡೆಸಬಹುದು. ಆದರೆ ಕರೆಂಟ್ ಹಠಾತ್ತನೆ ಹೋದರೆ ಮೆಮರಿ ಕಾರ್ಡ್ ಕೆಡುವ ಸಾಧ್ಯತೆ ಇದೆ. ಮೆನುವಿನಿಂದಲೇ ಬಂದ್ ಮಾಡಿ, ಇನ್ವರ್ಟರ್ ಇದ್ದರೆ ಅದಕ್ಕೆ ಜೋಡಿಸಿ.
* ಬರೀ ಚಾನೆಲ್ ಬೇಕೇ? ಸರ್ಕಾರದ ಡಿಡಿ ಫ್ರೀ ಡಿಶ್‌ಗೆ ತಿಂಗಳ ಶುಲ್ಕವೇ ಇಲ್ಲ. ಚಂದನವೂ ಅದರಲ್ಲಿ ಬರುತ್ತದೆ.
* ಹೊರಗಿನ ಲಿಂಕ್‌ನಿಂದ ಆ್ಯಪ್ ಹಾಕಿಸುವ, ಪ್ಲೇ ಪ್ರೊಟೆಕ್ಟ್ ಬಂದ್ ಮಾಡಲು ಹೇಳುವ ಡಬ್ಬಿಯನ್ನು ನಂಬಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಕಾಕಾ ಸುಮ್ಮನೆ ಕುಳಿತರು. ಕೊಟ್ಟ ದುಡ್ಡು ಹೋಯಿತಲ್ಲ ಎಂಬ ಬೇಸರ. ಆಮೇಲೆ ಎದ್ದು ಡಬ್ಬಿಯ ವಯರ್ ತಾವೇ ಕಿತ್ತರು. ಅಜ್ಜಿಗೆ ಬೇಕಾದ ಹಾಡುಗಳನ್ನು ಪೆನ್‌ಡ್ರೈವ್‌ಗೆ ತುಂಬಿ ಟಿವಿಗೆ ಹಾಕಿದೆವು. "ಮೊದಲಿನಂಗೇ ಕೇಳಸ್ತದಲ್ಲ" ಎಂದರು ಅಜ್ಜಿ. ಅವರಿಗೆ ಬೇಕಿದ್ದದ್ದು ಅಷ್ಟೇ.