22 ನಿಮಿಷದಲ್ಲಿ ನ್ಯೂಯಾರ್ಕ್

1965ರ ಏಪ್ರಿಲ್ 19. ನ್ಯೂಯಾರ್ಕಿನ ಹುಡುಗ ಹುಡುಗಿಯರು ಎಂದಿನಂತೆ ರೇಡಿಯೊದ ಮುಳ್ಳನ್ನು 1010ಕ್ಕೆ ತಂದು ನಿಲ್ಲಿಸಿದರೆ ಹಾಡೇ ಇಲ್ಲ. ಹಿಂದಿನ ದಿನದವರೆಗೆ ರಾಕ್ ಅಂಡ್ ರೋಲ್ ಕೇಳಿಸುತ್ತಿದ್ದ ಕೇಂದ್ರದಲ್ಲಿ ಯಾರೋ ಸುದ್ದಿ ಓದುತ್ತಿದ್ದಾರೆ. ಇದು ಮುಗಿದ ಮೇಲಾದರೂ ಹಾಡು ಬಂದೀತು ಎಂದು ಕಾದರೆ ಮತ್ತೆ ಸುದ್ದಿ. ಮಧ್ಯಾಹ್ನವೂ ಸುದ್ದಿ, ನಡುರಾತ್ರಿಯೂ ಸುದ್ದಿ. ಅಂದು ಶುರುವಾದ ಆ ಓದು ಆರು ದಶಕ ಕಳೆದರೂ ನಿಂತಿಲ್ಲ.

ಆಕಾಶವಾಣಿಯ ಬೆಳಗಿನ ಪ್ರದೇಶ ಸಮಾಚಾರಕ್ಕೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ನಮ್ಮ ಮನೆಗಳಲ್ಲಿ ಊಟದ ಹಾಗೆ ಸುದ್ದಿಗೂ ಒಂದು ಹೊತ್ತು ಇತ್ತು. ಅಮೆರಿಕದಲ್ಲೂ ಆಗ ರೂಢಿ ಹೀಗೆಯೇ. ಆ ಹೊತ್ತನ್ನೇ ಅಳಿಸಿಹಾಕಿದ ಕೇಂದ್ರಗಳಲ್ಲಿ ನ್ಯೂಯಾರ್ಕಿನ ಜನ ‘ಟೆನ್ ಟೆನ್ ವಿನ್ಸ್’ ಎಂದು ಕರೆಯುವ ಈ ಕೇಂದ್ರಕ್ಕೆ ದೊಡ್ಡ ಹೆಸರು.

ಅದು ಹುಟ್ಟಿದ್ದು ಅಂಗಡಿಯೊಂದರ ಆಶ್ರಯದಲ್ಲಿ. ಮ್ಯಾನ್‌ಹಟನ್ನಿನ ಗಿಂಬೆಲ್ಸ್ ಎಂಬ ಭಾರಿ ಮಳಿಗೆ 1924ರಲ್ಲಿ ಸ್ವಂತ ರೇಡಿಯೊ ಕೇಂದ್ರ ತೆರೆಯಿತು. ಅದರ ಹೆಸರು ಡಬ್ಲ್ಯು ಜಿ ಬಿ ಎಸ್, ಅಂದರೆ ಗಿಂಬೆಲ್ ಸಹೋದರರ ಅಂಗಡಿ. 1932ರಲ್ಲಿ ಪತ್ರಿಕೋದ್ಯಮಿ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ಕೈಗೆ ಬಂದಾಗ, ಅವನು ತನ್ನ ಇಂಟರ್‌ನ್ಯಾಷನಲ್ ನ್ಯೂಸ್ ಸರ್ವೀಸ್ ಎಂಬ ಸುದ್ದಿಸಂಸ್ಥೆಯ ಮೊದಲಕ್ಷರಗಳನ್ನು ಸೇರಿಸಿ ‘ವಿನ್ಸ್’ ಎಂದು ಹೆಸರು ಬದಲಿಸಿದ. ಹೆಸರಲ್ಲಿ ಸುದ್ದಿ ಸೇರಿತು. ಆ ಹೆಸರು ನಿಜವಾಗಲು ಮಾತ್ರ 33 ವರ್ಷ ಹಿಡಿಯಿತು.

ನಡುವೆ ಇದ್ದದ್ದು ಹಾಡಿನ ಕಾಲ. 1954ರಲ್ಲಿ ಕ್ಲೀವ್‌ಲ್ಯಾಂಡಿನಿಂದ ಬಂದ ನಿರೂಪಕ ಅಲನ್ ಫ್ರೀಡ್, ಕಪ್ಪು ಕಲಾವಿದರ ಸಂಗೀತವನ್ನು ಬಿಳಿಯರ ಮನೆಯ ಹದಿಹರೆಯದವರಿಗೂ ಮುಟ್ಟಿಸಿದ. 1964ರಲ್ಲಿ ಬೀಟಲ್ಸ್ ತಂಡ ನ್ಯೂಯಾರ್ಕಿಗೆ ಬಂದಿಳಿದಾಗ ಈ ಕೇಂದ್ರದ ‘ಮರ‍್ರಿ ದ ಕೆ’ ಎಂಬ ನಿರೂಪಕ ಆ ತಂಡದ ಬೆನ್ನು ಬಿಡಲೇ ಇಲ್ಲ. ಆದರೆ ಅದೇ ಹಾಡುಗಳನ್ನು ಊರಿನ ಬೇರೆ ಕೇಂದ್ರಗಳೂ ಹಾಕುತ್ತಿದ್ದವು. 1962ರಿಂದ ವಿನ್ಸ್‌ನ ಒಡೆತನ ವೆಸ್ಟಿಂಗ್‌ಹೌಸ್ ಕಂಪನಿಯದು. 1920ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರದಿಂದ ಸಾರಿ ಇತಿಹಾಸ ಬರೆದ ಕಂಪನಿಯೇ ಇದು. ಹಾಡಿನ ಪೈಪೋಟಿಯನ್ನು ಬಿಟ್ಟು ಅದು ಸುದ್ದಿಯ ಕಡೆ ತಿರುಗಿತು.

ಇಡೀ ದಿನ ಸುದ್ದಿ ಎಂಬ ಪ್ರಯೋಗ ಅದಾಗಲೇ ನಡೆದಿತ್ತು. ಗಾರ್ಡನ್ ಮೆಕ್ಲೆಂಡನ್ ಎಂಬ ಪ್ರಸಾರೋದ್ಯಮಿ 1961ರಲ್ಲಿ ಮೆಕ್ಸಿಕೊದ ಟಿಹುವಾನಾದಿಂದ ಗಡಿಯಾಚೆಯ ಕ್ಯಾಲಿಫೋರ್ನಿಯಾಕ್ಕೆ ಹೀಗೆ ಸುದ್ದಿ ಬಿತ್ತರಿಸುತ್ತಿದ್ದ. ವಿನ್ಸ್ ಅದನ್ನು ತನ್ನ ನಗರದ ಅಳತೆಗೆ ಹೊಲಿದುಕೊಂಡಿತು.

ಆ ಹೊಲಿಗೆಯಲ್ಲೇ ಜಾಣತನವಿದೆ. ಇಲ್ಲಿ ಕೇಳುಗ ಕೊನೆಯವರೆಗೂ ಕೂತು ಕೇಳಬೇಕೆಂಬ ಆಸೆಯೇ ಇಲ್ಲ. ಅವನು ಕಾರಿನಲ್ಲಿದ್ದಾನೆ, ಗಡ್ಡ ಹೆರೆಯುತ್ತಿದ್ದಾನೆ, ಇನ್ನೇನು ಎದ್ದು ಹೋಗುತ್ತಾನೆ. ಅವನು ಯಾವ ಗಳಿಗೆಯಲ್ಲಿ ಬಂದು, ಯಾವ ಗಳಿಗೆಯಲ್ಲಿ ಹೋದರೂ ಮುಖ್ಯವಾದದ್ದು ತಪ್ಪಬಾರದು. ಆದ್ದರಿಂದ ಮುಖ್ಯಾಂಶ, ನಗರದ ವರದಿ, ಹವಾಮಾನ, ಸಂಚಾರ, ಆಟ, ಮತ್ತೆ ಮುಖ್ಯಾಂಶ ಎಂದು ಸುದ್ದಿಯ ಚಕ್ರ ತಿರುಗುತ್ತಲೇ ಇರುತ್ತದೆ. ಪ್ರತಿ ಸುತ್ತಿಗೂ ಹೊಸದೊಂದು ಸೇರಿ ಹಳೆಯದೊಂದು ಬೀಳುತ್ತದೆ. ‘ನೀವು 22 ನಿಮಿಷ ಕೊಡಿ, ನಾವು ಜಗತ್ತನ್ನೇ ಕೊಡುತ್ತೇವೆ’ ಎಂಬುದು ಕೇಂದ್ರದ ಘೋಷವಾಕ್ಯವಾಯಿತು. ಓದುವವರ ದನಿಯ ಹಿಂದೆ ಟೆಲಿಪ್ರಿಂಟರಿನ ಟಕಟಕ. ಪತ್ರಿಕಾ ಕಚೇರಿಗಳಿಂದ ಆ ಯಂತ್ರಗಳು ಮಾಯವಾದ ಮೇಲೂ ಎಷ್ಟೋ ಕಾಲ ಆ ಸದ್ದನ್ನು ಉಳಿಸಿಕೊಂಡರು. ಅದು ಕಿವಿಗೆ ಬಿದ್ದರೆ ಸಾಕು, ನ್ಯೂಯಾರ್ಕಿನವರಿಗೆ ಕೇಂದ್ರ ಯಾವುದೆಂದು ತಿಳಿಯುತ್ತಿತ್ತು.

ಹೊಸ ವೇಷ ತೊಟ್ಟು ಏಳು ತಿಂಗಳೂ ಆಗಿರಲಿಲ್ಲ. 1965ರ ನವೆಂಬರ್ 9ರ ಸಂಜೆ, ಜನ ಕಚೇರಿಯಿಂದ ಮನೆಗೆ ಹೊರಟ ಹೊತ್ತಿನಲ್ಲೇ ಕರೆಂಟು ಹೋಯಿತು. ಕೆನಡಾದ ಆಂಟೇರಿಯೊದ ವಿದ್ಯುತ್ ಸ್ಥಾವರವೊಂದರ ರಿಲೇ ಕೆಲಸ ಮಾಡಿದ ರೀತಿಯಿಂದ ಶುರುವಾದ ತೊಡಕು ಜಾಲದುದ್ದಕ್ಕೂ ಹರಡಿ, ಸುಮಾರು 3 ಕೋಟಿ ಜನ ಕತ್ತಲಲ್ಲಿ ಮುಳುಗಿದರು. ಸುರಂಗ ರೈಲುಗಳಲ್ಲಿ ಲಕ್ಷಾಂತರ ಮಂದಿ ಸಿಕ್ಕಿಬಿದ್ದರು. ಟಿ.ವಿ. ಪರದೆ ಸತ್ತಿತ್ತು, ಬ್ಯಾಟರಿ ಹಾಕಿದ ಟ್ರಾನ್ಸಿಸ್ಟರ್ ಮಾತ್ರ ಮಾತಾಡುತ್ತಿತ್ತು. ಏನಾಗಿದೆ, ಯಾವ ದಾರಿ ಹಿಡಿಯಬೇಕು ಎಂದು ಹೇಳುವ ದನಿ ರೇಡಿಯೊ ಒಂದೇ. ಊರಿನ ಸುದ್ದಿಗೆ ಎಷ್ಟು ತೂಕ ಎಂಬುದನ್ನು ಆ ರಾತ್ರಿಗಿಂತ ಚೆನ್ನಾಗಿ ಯಾವ ಜಾಹೀರಾತೂ ಹೇಳಲಾರದು.

2001ರ ಸೆಪ್ಟೆಂಬರ್ 11ರಂದು ಮತ್ತೊಮ್ಮೆ ಇಂಥ ಹೊತ್ತು ಬಂತು. ನಗರದ ಹೆಚ್ಚಿನ ಟಿ.ವಿ. ಕೇಂದ್ರಗಳ ಪ್ರಸಾರ ಸಾಧನಗಳಿದ್ದದ್ದು ವಿಶ್ವ ವಾಣಿಜ್ಯ ಕೇಂದ್ರದ ಉತ್ತರ ಗೋಪುರದ ನೆತ್ತಿಯ ಮೇಲೆ. ಉಗ್ರರ ದಾಳಿಗೆ ಕುಸಿದ ಗೋಪುರದೊಂದಿಗೆ ಅವೂ ಬಿದ್ದವು. ವಿನ್ಸ್‌ನ ಕಂಬಗಳಿದ್ದದ್ದು ನದಿಯಾಚೆ, ನ್ಯೂಜೆರ್ಸಿಯ ಲಿಂಡ್‌ಹರ್ಸ್ಟಿನ ಜವುಗು ನೆಲದಲ್ಲಿ. ಮಧ್ಯಮ ತರಂಗಕ್ಕೆ ಎತ್ತರದ ಕಟ್ಟಡ ಬೇಕಿಲ್ಲ, ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಒದ್ದೆ ಮಣ್ಣು ಬೇಕು. ಅಂದು ಆ ಕೆಸರೇ ಕಾಪಾಡಿತು.

ಪೈಪೋಟಿಯ ಕತೆಯೂ ಸ್ವಾರಸ್ಯದ್ದು. 1967ರ ಆಗಸ್ಟಿನಲ್ಲಿ ಡಬ್ಲ್ಯು ಸಿ ಬಿ ಎಸ್ 880 ತಾನೂ ಸುದ್ದಿಗೇ ಇಳಿಯಲು ಹೊರಟಿತು. ಉದ್ಘಾಟನೆಯ ಹಿಂದಿನ ದಿನ ಸಣ್ಣ ವಿಮಾನವೊಂದು ಅಪ್ಪಳಿಸಿ ಅದರ ಕಂಬವನ್ನೇ ಕೆಡವಿತು. ಮೊದಲ ದಿನದ ಸುದ್ದಿಯನ್ನು ತನ್ನ ಎಫ್‌ಎಂ ಕೇಂದ್ರದಿಂದ ಓದಬೇಕಾಯಿತು. ಎರಡೂ ಕೇಂದ್ರಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದನ್ನೊಂದು ಮೀರಿಸಲು ಓಡಿದವು. ನಡುವೆಯೇ ಎರಡಕ್ಕೂ ಒಡೆಯ ಒಬ್ಬನೇ ಆದ. 2024ರ ಆಗಸ್ಟಿನಲ್ಲಿ 880ರ ಸುದ್ದಿ ನಿಂತು, ಆ ತರಂಗ ಕ್ರೀಡೆಯ ಪಾಲಾಯಿತು. ಎರಡು ಕಡೆಯಿಂದ ಊರನ್ನು ನೋಡುತ್ತಿದ್ದ ಕಣ್ಣುಗಳಲ್ಲಿ ಒಂದು ಮುಚ್ಚಿದ್ದು ನಿಜಕ್ಕೂ ನಷ್ಟವೇ.

ಈ ಕತೆಯನ್ನು ಬೆಂಗಳೂರಿನಲ್ಲಿ ಕೂತು ಓದುವವರಿಗೆ ಇನ್ನೊಂದು ಸಂಗತಿ ತಟ್ಟದೆ ಇರದು. ಖಾಸಗಿ ಎಫ್‌ಎಂ ಹೊಸ ನೀತಿಯಡಿ ದೇಶದಲ್ಲಿ ಮೊದಲು ಕಣ್ಣು ಬಿಟ್ಟದ್ದು ಇಲ್ಲಿಯೇ, 2001ರ ಜುಲೈ 3ರಂದು, ರೇಡಿಯೊ ಸಿಟಿಯ ರೂಪದಲ್ಲಿ. ಆದರೆ ನಮ್ಮ ಖಾಸಗಿ ಕೇಂದ್ರಗಳು ಸ್ವಂತ ಸುದ್ದಿ ಓದುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದ ಹಾಗೆ ಮರುಪ್ರಸಾರ ಮಾಡಬಹುದು. ಸಂಚಾರ, ಹವಾಮಾನ, ನೀರು, ಕರೆಂಟಿನ ಪ್ರಕಟಣೆಗಳಿಗೆ ಅವಕಾಶವಿದೆ, ಏಕೆಂದರೆ 2011ರ ನೀತಿಯ ಪ್ರಕಾರ ಅವು ಸುದ್ದಿಯೇ ಅಲ್ಲ. ನ್ಯೂಯಾರ್ಕಿನಲ್ಲಿ ಒಂದು ಕೇಂದ್ರದ ಜೀವಾಳವಾದದ್ದು ಇಲ್ಲಿ ಸುದ್ದಿಯ ಲೆಕ್ಕಕ್ಕೇ ಬಾರದು. ರಸ್ತೆಯಲ್ಲೇ ದಿನದ ಹಲವು ಗಂಟೆ ಕಳೆಯುವ ಬೆಂಗಳೂರಿಗೆ ಕನ್ನಡದಲ್ಲಿ ಇಂಥದೊಂದು ದನಿ ಬೇಡವೇ?

ವಿನ್ಸ್ 2022ರ ಅಕ್ಟೋಬರಿನಿಂದ 92.3 ಎಫ್‌ಎಂನಲ್ಲೂ ಕೇಳಿಸುತ್ತಿದೆ. ಸಂಚಾರ ಮತ್ತು ಹವಾಮಾನಕ್ಕೆ ಗಂಟೆಯಲ್ಲಿ ಆರು ಸಲ ಸರದಿ: 1ನೇ ನಿಮಿಷಕ್ಕೊಮ್ಮೆ, 11ಕ್ಕೊಮ್ಮೆ, 21ಕ್ಕೊಮ್ಮೆ, ಹೀಗೆ 51ರವರೆಗೆ. ಲಿಂಕನ್ ಸುರಂಗದ ಬಾಯಲ್ಲಿ ಸಾಲುಗಟ್ಟಿ ನಿಂತ ಟ್ಯಾಕ್ಸಿಯವರು ಈಗಲೂ ಆ ನಿಮಿಷಕ್ಕೆ ದನಿ ಏರಿಸಿಕೊಳ್ಳಬಹುದು.